ಲ್ಯಾಪ್‌ಟಾಪ್ ನೋಡಾಕ ಹೋದ ಕಲ್ಮೇಶಿ

ಕೂಡ್ರಿ, ಕಟ್ಟಿಗೆ ಬೆನ್ನು ಹಚ್ಚಿ ಕೂಡ್ರಿ. ನಗೋರು ಮುಂದ ಬರ್ರಿ, ತೂಕಡಿಸೋರು ಹಿಂದ ಸರೀರಿ. ನಾ ಹೇಳೋದು ಹಿರೇಹೊಂಡದ ಬಾಳವ್ವನ ಮಗ ಕಲ್ಮೇಶಿ ಕತಿ. ಆಳು ನೋಡಿದ್ರ ಬಾಗಿಲಾಗ ಹಿಡಿಯೂದಿಲ್ಲ. ಮೀಸಿ ಬಂದು ಯಾವ ಕಾಲ ಆತು, ಬುದ್ಧಿ ಮಾತ್ರ ಇನ್ನೂ ಹಿಂದಿನ ಬಸ್ಸಿನ್ಯಾಗ ಬರಾಕ ಹತ್ತೈತಿ. ಹೇಳಿದ್ದು ಹೇಳಿದಂಗ ಮಾಡಾಂವ. ಒಂದು ಎಳಿ ಹೆಚ್ಚಿಲ್ಲ, ಒಂದು ಎಳಿ ಕಡಿಮಿಲ್ಲ. ಅದ ಅವನ ರೋಗ.

ಅವ್ವ ಬಾಳವ್ವ ನೆಂಟಸ್ತನ ಕೂಡಿಸೋ ಹೆಣಮಗಳು. ಯಾವ ಊರಾಗ ಯಾರ ಮನ್ಯಾಗ ಕನ್ಯಾ ಅದಾಳ, ಯಾರ ಮನ್ಯಾಗ ವರ ಅದಾನ, ಎಲ್ಲಾ ಅಕಿಗೆ ಬಾಯಿಪಾಠ. ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತಾರಲ್ಲ, ಬಾಳವ್ವ ಸುಳ್ಳು ಹೇಳ್ತಿರಲಿಲ್ಲ, ಫೋಟೋ ತೋರಿಸ್ತಿದ್ಲು. ಹುಡುಗನ ಫೋಟೋ, ಹುಡುಗಿ ಫೋಟೋ, ಮನಿ ಫೋಟೋ, ಹೋರಿ ಫೋಟೋ ಸೈತ. ಎಲ್ಲಾ ಒಂದು ತಗಡಿನ ಟ್ರಂಕಿನ್ಯಾಗ. ಆ ಟ್ರಂಕು ಹೆಗಲ ಮ್ಯಾಲ ಇಟಗೊಂಡು ಊರೂರು ತಿರುಗಿ ತಿರುಗಿ ಹೆಗಲು ಬಾತು ಕೈ ಮ್ಯಾಲೆತ್ತಾಕ ಬರದಂಗಾತು. ಡಾಕ್ಟರು ಕೈಗೆ ಜೋಳಿಗಿ ಕಟ್ಟಿ, "ಇನ್ನ ಭಾರ ಹೊತ್ರ ಈ ಕೈ ನಿನ್ನ ಕೈಯಾಗ ಇರೂದಿಲ್ಲ ನೋಡವಾ" ಅಂದು ಕಳಿಸಿದ್ರು.

ಮಗ ಹೊರಬಾರದೇನು ಅಂತೀರಿ ನೀವು. ಅಲ್ಲೇ ಐತ್ರಿ ಬಾಳವ್ವನ ಸಂಕಟ. ಅಕಿ ಟ್ರಂಕು ಹೊತ್ತು ಹೊಂಟ್ರ ಈ ಕಲ್ಮೇಶಿ ಬಾಜೂಕ ಎರಡೂ ಕೈ ಹಿಂದ ಕಟ್ಟಿಗೊಂಡು, ಊರ ಗೌಡ ಹೊಲ ನೋಡಾಕ ಹೊಂಟಂಗ ಹೋಗ್ತಿದ್ದ. ಕೈ ಮುಂದ ಚಾಚಿದಾಂವಲ್ಲ. ಹೊರು ಅಂತ ಬಾಯಿಬಿಟ್ಟು ಕೇಳಾಕ ಬಾಳವ್ವಗ ಅಭಿಮಾನ ಅಡ್ಡ. ಹೆತ್ತ ಮಗಗ ತಾಯಿ ಹೆಗಲು ಕಾಣಬಾರದೇನು ಅಂತ ಒಳಗೊಳಗ ಅಳೋದು, ಮ್ಯಾಲ ಸೋಮಾರಿ ಅಂತ ಬೈಯೋದು. ಹಿಂಗ ನಡದಿತ್ತು.

ಅಷ್ಟರಾಗ ಅಕಿ ಕಿವಿಗೆ ಒಂದು ಸುದ್ದಿ ಬಿತ್ತು. ತಾಲೂಕಿನ್ಯಾಗ ಶೆಟ್ಟರ ಅಂಗಡಿಗೆ ಒಂದು ಸಣ್ಣ ಲ್ಯಾಪ್‌ಟಾಪ್ ಬಂದೈತಂತ. ಸಾಲಿ ಹುಡುಗರ ಪಾಟಿಯಷ್ಟ ಐತಂತ, ಚೀಲದಾಗ ಹಾಕ್ಕೊಂಡು ಊರೂರು ಒಯ್ಯಬಹುದಂತ, ಟ್ರಂಕು ತುಂಬ ಫೋಟೋ ಅದರ ಹೊಟ್ಟ್ಯಾಗ ಹಿಡೀತಾವಂತ. ಬಾಳವ್ವಗ ಜೀವ ಬಂದಂಗಾತು. ಆದ್ರ ಕೈ ಜೋಳಿಗ್ಯಾಗ. ಬಸ್ಸು ಹತ್ತಿ ಹೋಗೋರು ಯಾರು?

"ಕಲ್ಮೇಶಿ, ನೀನ ಹೋಗಿ ಆ ಲ್ಯಾಪ್‌ಟಾಪ್ ನೋಡ್ಕೊಂಡು ಬಾ. ತಗೊಳ್ಳೂದೋ ಬಿಡೂದೋ ಆಮ್ಯಾಲ ವಿಚಾರ ಮಾಡೋಣ."

"ಆತು ಯವ್ವಾ."

ಹೋದ. ಶೆಟ್ಟರ ಅಂಗಡಿ ಮುಂದ ನಿಂತ. ಗಾಜಿನ ಆಚೆ ಲ್ಯಾಪ್‌ಟಾಪ್, ಈಚೆ ಕಲ್ಮೇಶಿ. ನೋಡಿದ, ನೋಡಿದ, ಹೊತ್ತು ಇಳಿಯೂ ತನಕ ನೋಡಿದ. ಮನಿಗೆ ಬಂದ.

"ನೋಡಿದೇನಲೇ?"

"ನೋಡಿದ್ನಿ ಯವ್ವಾ."

"ಹ್ಯಾಂಗೈತಿ?"

"ಗಾಜಿನ ಹಿಂದ ಐತಿ."

"ಮತ್ತ?"

"ಮತ್ತೇನೂ ಇಲ್ಲ. ಮುಚ್ಚಿಕೊಂಡು ಮಲಗಿತ್ತು."

ಬಾಳವ್ವ ಹಣಿ ಬಡಕೊಂಡ್ಲು. "ಅಯ್ಯ ಖೋಡಿ, ಬೀದ್ಯಾಗ ನಿಂತು ನೋಡಿ ಬರೋದು ಯಾವ ಸೀಮಿ ನೋಡೋದಲೇ? ನಾ ಕನ್ಯಾ ತೋರಸಾಕ ಕರಕೊಂಡು ಹೋದಾಗ ವರನ ಕಡಿಯೋರು ಏನು ಮಾಡ್ತಾರ, ನೀ ಕಂಡಿಲ್ಲೇನು? ಒಳಗ ಹೋಗಿ ಕುಂದರ್ತಾರ. ನಾಕು ಮಾತು ಕೇಳ್ತಾರ. ಹಾಡಿಸಿ ನೋಡ್ತಾರ, ನಡಿಸಿ ನೋಡ್ತಾರ. ನೋಡೋದಂದ್ರ ಹಂಗ ನೋಡಬೇಕು."

"ಹೌದಲ್ಲ ಯವ್ವಾ. ನಾಳೆ ಹಂಗ ನೋಡ್ತೀನಿ."

ಮರುದಿನ ಕಲ್ಮೇಶಿ ಇಸ್ತ್ರಿ ಅಂಗಿ ಹಾಕ್ಕೊಂಡ, ತಲಿಗೆ ಎಣ್ಣಿ ಹಚ್ಚಿಕೊಂಡ, ಶೆಟ್ಟರ ಅಂಗಡ್ಯಾಗ ಹೋಗಿ ಚಕ್ಕಂಬಕ್ಕಳ ಹಾಕಿ ಕುಂತ.

"ನೋಡಾಕ ಬಂದೀವ್ರಿ" ಅಂದ.

ಶೆಟ್ಟರು ಲ್ಯಾಪ್‌ಟಾಪ್ ತಂದು ಮುಂದಿಟ್ಟು ತೆರೆದ್ರು. ಕಲ್ಮೇಶಿ ಗಂಟಲು ಸರಿಮಾಡಿಕೊಂಡ.

"ನಿನ್ನ ಹೆಸರೇನವಾ?"

ಶೆಟ್ಟರು ಕಂಪನಿ ಹೆಸರು ಹೇಳಾಕ ಹೋದ್ರು. "ನೀವು ಸುಮ್ಮನಿರ್ರಿ. ಅದರ ಬಾಯಿಲೇ ಕೇಳೋಣ" ಅಂದ ಕಲ್ಮೇಶಿ. "ಎಷ್ಟನೇತ್ತ ಕಲ್ತಿಯವಾ? ರೊಟ್ಟಿ ಬಡ್ಯಾಕ ಬರ್ತೈತೇನು? ಹೋಗಲಿ, ಒಂದು ಹಾಡು ಹೇಳು."

ಶೆಟ್ಟರು, ಗಿರಾಕಿ ಚಾಷ್ಟಿ ಮಾಡಾಕ ಹತ್ಯಾನ ಅಂದುಕೊಂಡು ಎಲ್ಲೋ ಒತ್ತಿದ್ರು. ಅದು ಚೆಂದಾಗಿ ಒಂದು ಭಜನಿ ಪದ ಹಾಡ್ತು. ಕಲ್ಮೇಶಿ ತೊಡಿ ತಟ್ಟಿ ತಾಳ ಹಾಕಿದ.

"ಕಂಠ ಚಲೋ ಐತ್ರಿ. ಇನ್ನ ನಾಕು ಹೆಜ್ಜಿ ನಡೀಲಿ, ನೋಡೋಣ."

"ನಡಿಯೂದಿಲ್ಲೋ ಮಾರಾಯ, ಇದಕ್ಕ ಕಾಲೆಲ್ಲಿ ಅದಾವು?"

ಕಲ್ಮೇಶಿ ಮುಖ ಸಣ್ಣದಾತು. ಎದ್ದು ನಿಂತ. "ಇದನ್ನ ಮೊದಲ ಹೇಳಬೇಕಾಗಿತ್ರಿ. ಹಿಂತಾದ್ದೆಲ್ಲ ಮುಚ್ಚಿಡಬಾರದು. ಆತು, ಮನ್ಯಾಗ ವಿಚಾರ ಮಾಡಿ ಹೇಳಿ ಕಳಸ್ತೀವಿ" ಅಂದು ಕೈ ಮುಗಿದು ಬಂದಬಿಟ್ಟ.

"ಹ್ಯಾಂಗೈತಲೇ?" ಅಂದ್ಲು ಬಾಳವ್ವ.

"ಬಣ್ಣ ಸಾದಗಪ್ಪು. ಹಾಡು ಚಲೋ ಹೇಳ್ತೈತಿ. ಕಾಲಿಲ್ಲ ಯವ್ವಾ. ಈ ಸಂಬಂಧ ನಮಗ ಬ್ಯಾಡ."

ಬಾಳವ್ವಗ ನಗಬೇಕೋ ಅಳಬೇಕೋ ತಿಳೀಲಿಲ್ಲ. "ಅದೇನು ಸೊಸಿ ಆಗಿ ಬರ್ತೈತೇನಲೇ ನಮ್ಮ ಮನಿಗೆ? ಅದು ಹೊರೋ ವಸ್ತು. ಹೊರೋ ವಸ್ತೂನ್ನ ಹೊತ್ತು ನೋಡಬೇಕು. ನಾ ಟ್ರಂಕು ಹೊತ್ತು ನಡದಂಗ ಅದನ್ನ ಹೆಗಲ ಮ್ಯಾಲ ಇಟಗೊಂಡು ನಡೀಬೇಕು. ಹೆಗಲು ನೋಯ್ತೈತೋ ಇಲ್ಲೋ, ನನಗ ಬೇಕಾಗಿದ್ದು ಅದೊಂದ."

"ಹೌದಲ್ಲ ಯವ್ವಾ. ನಾಳೆ ಹಂಗ ಮಾಡ್ತೀನಿ."

ಮಾಡಿದ್ರಿ. ಮರುದಿನ ಹೋದಾಂವ ಮಾತಿಲ್ಲ ಕತಿಲ್ಲ, ಲ್ಯಾಪ್‌ಟಾಪ್ ಎತ್ತಿ ಹೆಗಲ ಮ್ಯಾಲ ಇಟಗೊಂಡ, ನಡದ. ಅಂಗಡಿ ದಾಟಿದ, ಪ್ಯಾಟಿ ದಾಟಿದ, ಬಸ್ ಸ್ಟ್ಯಾಂಡ್ ದಾಟಿದ. ಅವ್ವ ಟ್ರಂಕು ಹೊತ್ತು ಹಿರೇಹೊಂಡದ ತನಕ ನಡೀತಾಳಲ್ಲ, ಇವನೂ ನಡದ. ಹಿಂದ ಶೆಟ್ಟರು ಧೋತರ ಎತ್ತಿ ಹಿಡಕೊಂಡು, "ಹಿಡೀರಿ, ಕಳ್ಳ, ಹಿಡೀರಿ" ಅಂತ ಓಡಿ ಬಂದ್ರು. ಕಳ್ಳ ಎಲ್ಲಿ ಅದಾನ ಅಂತ ಕಲ್ಮೇಶೀನೂ ತಿರುಗಿ ನೋಡಿದ. ಯಾರೂ ಕಾಣಲಿಲ್ಲ, ಮತ್ತ ನಡದ.

ಮನಿಗೆ ಬಂದು, "ಹೆಗಲು ನೋಯಲಿಲ್ಲ ಯವ್ವಾ, ಗುಬ್ಬಿ ಕುಂತಂಗ ಐತಿ" ಅನ್ನೂದಕ್ಕೂ ಶೆಟ್ಟರು ಯಾರದೋ ಬೈಕಿನ ಹಿಂದ ಕುಂತು ಅಂಗಳಕ್ಕ ಬಂದು ಬೀಳೂದಕ್ಕೂ ಸರಿಹೋತು.

ಬಾಳವ್ವ ಬೆಲ್ಲ ನೀರು ಕೊಟ್ಲು, ಇದ್ದದ್ದು ಇದ್ದಂಗ ಹೇಳಿ ತಪ್ಪಾತು ಅಂದ್ಲು. ಶೆಟ್ಟರಿಗೆ ಉಸಿರು ಬಂತು, ಸಿಟ್ಟು ಇಳೀತು. ಬಾಳವ್ವನ ಹೆಸರು ಅವರೂ ಮೊದಲ ಕೇಳಿದ್ದರು. ಶೆಟ್ಟರ ಮನ್ಯಾಗ ಶಕುಂತಲಾ ಅಂತ ಮಗಳು ಇದ್ಲು, ಓದಿದ ಹುಡುಗಿ, ಅಂಗಡಿ ವ್ಯವಹಾರೆಲ್ಲ ಅಕೀದ. "ನನ್ನ ಮಗಳಿಗೊಂದು ವರ ನೋಡವಾ" ಅಂದ್ರು. ಹಂಗ ಲ್ಯಾಪ್‌ಟಾಪ್ ತೆರೆದು ಮಗಳ ಫೋಟೋ ತೋರಿಸಿದ್ರು. "ಫೋನಿನ್ಯಾಗ ಮುಖ ಹುಣಸಿಬೀಜದಷ್ಟು ಕಾಣ್ತೈತಿ. ಇದರಾಗ ನೋಡು, ಮುದುಕರು ಚಸ್ಮಾ ಇಲ್ಲದ ಮೂಗು ನೆಟ್ಟಗೈತೋ ಇಲ್ಲೋ ಹೇಳಬಹುದು." ಬಾಳವ್ವಗ ಆಸೆ ಆತು, ಅನುಮಾನನೂ ಆತು. ನಾಕು ದಿನಕ್ಕ ಕೆಟ್ಟು ನಿಂತ್ರ ಏನು ಗತಿ? ಆಮ್ಯಾಲ ಹೇಳ್ತೀನಿ ಅಂದ್ಲು. ಶೆಟ್ಟರು ಲ್ಯಾಪ್‌ಟಾಪ್ ತಗೊಂಡು ಹೋದ್ರು.

ಅವರು ಹೋಗೂದಕ್ಕ ತಡ ಇಲ್ಲ, ಬಾಳವ್ವ ಮಗನ ಕಡೆ ತಿರುಗಿದ್ಲು. "ಮಂದಿ ಮನೀದು ಹಂಗ ಎತ್ತಿಕೊಂಡು ಬರ್ತಾರೇನಲೇ? ಮಂದಿ ಮನೀದು ಏನ ಇರಲಿ, ನಮ್ಮ ಮನಿಗೆ ತರೂಕಿಂತ ಮೊದಲ ಕೈ ಮುಗಿದು ಕೇಳಬೇಕು. ಎಂಟು ದಿನ ಇಟ್ಟು ನೋಡ್ತೀವ್ರಿ, ಒಗ್ಗದಿದ್ರ ವಾಪಸ್ ತಗೋತೀರೇನ್ರಿ? ಗ್ಯಾರಂಟಿ ಎಷ್ಟು ವರ್ಷ? ಕೆಟ್ಟರ ರಿಪೇರಿ ಯಾರು ಮಾಡ್ತಾರ? ಇಷ್ಟು ಕೇಳಿದಾಂವ ಜಾಣ."

"ಹೌದಲ್ಲ ಯವ್ವಾ. ಇನ್ನ ಮ್ಯಾಲ ಹಂಗ ಕೇಳ್ತೀನಿ."

ವಾರ ಕಳೀತು. ಬಾಳವ್ವ ಹೈಸ್ಕೂಲ ಮಾಸ್ತರ ಮಹಾಂತೇಶ ಅನ್ನೋ ಹುಡುಗನ್ನ ಶೆಟ್ಟರ ಮನಿಗೆ ಗೊತ್ತುಮಾಡಿದ್ಲು. ಕನ್ಯಾ ನೋಡೋ ದಿನ ಬಂತು. ಅಕಿಗೆ ಹೆಗಲ ನೋವು ಏರಿ ಹಾಸಿಗಿ ಬಿಟ್ಟು ಏಳಾಕ ಆಗಲಿಲ್ಲ.

"ಕಲ್ಮೇಶಿ, ನನ್ನ ಬದಲಿ ನೀ ಹೋಗು. ಚುರುಮುರಿ ಸೂಸಲ ಕೊಟ್ರ ತಿನ್ನು, ಚಾ ಕೊಟ್ರ ಕುಡಿ. ನಾ ಹೇಳಿದ ಬುದ್ಧಿಮಾತು ಮಾತ್ರ ಮರೀಬ್ಯಾಡ."

ಕಲ್ಮೇಶಿ ಹೋದ. ಸೂಸಲ ಕೊಟ್ರು, ತಿಂದ. ಶಕುಂತಲಾ ಚಾ ತಂದ್ಲು, ಕುಡಿದ. ಮಹಾಂತೇಶ ಬಗ್ಗಿಸಿದ ತಲಿ ಎತ್ತಿರಲಿಲ್ಲ. ಎರಡೂ ಕಡೆ ಹಿರಿಯಾರಿಗೆ ಮನಸ್ಸಾದಂಗಿತ್ತು. ಆವಾಗ ಕಲ್ಮೇಶಿ ಎದ್ದು ನಿಂತು ಶೆಟ್ಟರಿಗೆ ಕೈ ಮುಗಿದ.

"ಶೆಟ್ಟರ, ಹುಡುಗೀನ್ನ ಎಂಟು ದಿನ ಇಟ್ಟು ನೋಡ್ತೀವ್ರಿ. ಒಗ್ಗದಿದ್ರ ವಾಪಸ್ ತಗೋತೀರೇನ್ರಿ? ಗ್ಯಾರಂಟಿ ಎಷ್ಟು ವರ್ಷ? ಕೆಟ್ಟರ ರಿಪೇರಿ ಯಾರು ಮಾಡ್ತಾರ?"

ವರನ ಸೋದರಮಾವನ ಕೈಯಾಗಿನ ಚಾ ಧೋತರದ ಮ್ಯಾಲ ಬಿತ್ತು. ಶೆಟ್ಟರ ಮುಖ ಮೆಣಸಿನಕಾಯಿ ಆತು. ಹೊರಗ ಹಾಕ್ರಿ ಇವನ್ನ ಅಂತ ಅವರು ಬಾಯಿ ತೆರಿಯೂದರಾಗ ಶಕುಂತಲಾ ಮಾತಾಡಿದ್ಲು.

"ತಡೀರಿ ಅಪ್ಪಾರ. ಕೇಳಿದ್ದು ಬರೋಬ್ಬರಿನ ಐತಿ. ಆದ್ರ ಅದನ್ನ ನಾನೂ ಕೇಳಬೇಕಲ್ಲ. ನಿಮ್ಮ ಹುಡುಗಗ ಗ್ಯಾರಂಟಿ ಐತೇನು?"

ಎಲ್ಲಾರೂ ಮಹಾಂತೇಶನ ಕಡೆ ನೋಡಿದ್ರು. ಅಂವ ಆವಾಗ ತಲಿ ಎತ್ತಿದ.

"ಗ್ಯಾರಂಟಿ ಏನೂ ಇಲ್ರಿ. ಕೆಟ್ಟಿದ್ದು ಕಂಡ್ರ ನೀವು ಹೇಳ್ರಿ, ನಾ ತಿದ್ದಿಕೋತೀನಿ."

ಶಕುಂತಲಾ ಚಾದ ತಾಟು ಮುಖಕ್ಕ ಅಡ್ಡ ಹಿಡಕೊಂಡು ನಕ್ಕಳು. ಅಕಿ ನಕ್ಕಿದ್ದು ಕಂಡು ಶೆಟ್ಟರೂ ನಕ್ಕರು. ಅಲ್ಲೇ ಸಕ್ಕರಿ ಹಂಚಿ ಮಾತು ಮುಗಿಸಿದ್ರು. ಹೊಂಡೂ ಮುಂದ ಶೆಟ್ಟರು ಆ ಲ್ಯಾಪ್‌ಟಾಪ್ ಕಲ್ಮೇಶಿ ಕೈಯಾಗ ಇಟ್ರು. "ನಿಮ್ಮವ್ವ ಎಂಟು ದಿನ ಇಟ್ಟು ನೋಡಲಿ. ಒಗ್ಗಿದ್ರ ಮದುವಿ ಕೂಡಿಸಿದ್ದಕ್ಕ ಇದ ನಮ್ಮ ಆಯೇರಿ, ಇಟಗೊಳ್ಳಲಿ. ಒಗ್ಗದಿದ್ರ ವಾಪಸ್ ತಗೋತೀನಿ. ಇದನ್ನಪ್ಪ, ಮಗಳನ್ನಲ್ಲ."

ಕಲ್ಮೇಶಿ ಅದನ್ನ ಮನಿಗೆ ತಂದು ಇಟ್ರ, ಬಾಳವ್ವ ನೋವು ಮರತು ಎದ್ದು ಕುಂತ್ಲು, ಕಣ್ಣಾಗ ನೀರು ಬಂತು. ಇನ್ನ ಟ್ರಂಕು ಹೊರೋದು ತಪ್ಪಿತು ಅಂದುಕೊಂಡ್ಲು. "ಕಲ್ಮೇಶಿ, ನಾ ಹಿತ್ತಲಕ್ಕ ಹೋಗಿ ಬರ್ತೀನಿ. ಟ್ರಂಕಿನ್ಯಾಗಿನ ಫೋಟೋ ಎಲ್ಲಾ ಲ್ಯಾಪ್‌ಟಾಪಿನ್ಯಾಗ ಹಾಕಬೇಕು. ನೀ ತಗದು ಇಡು" ಅಂದು ಹೋದ್ಲು.

ತಿರುಗಿ ಬಂದು ನೋಡ್ತಾಳ, ಲ್ಯಾಪ್‌ಟಾಪ್ ಬಾಯಿ ತಕ್ಕೊಂಡು ಕುಂತೈತಿ, ಅದರ ಬಾಯಿ ತುಂಬ ಫೋಟೋ. ಮುಚ್ಚಳ ಮುಚ್ಚವಲ್ದು. ಕಲ್ಮೇಶಿ ದೂರ ನಿಂತು, ಒಲಿ ಮ್ಯಾಲಿನ ಬೋಗುಣಿ ಇಳಿಸೋ ಇಕ್ಕಳಲೇ ಟ್ರಂಕಿನ್ಯಾಗಿನ ಫೋಟೋ ಒಂದೊಂದ ಎತ್ತಾಕ ಹತ್ತಿದ್ದ.

"ಇಕ್ಕಳ ಯಾಕಲೇ? ಕೈಗೆ ಏನಾಗೈತಿ?"

"ಟ್ರಂಕು ಮುಟ್ಟಬಾರದಲ್ಲ ಯವ್ವಾ."

"ಯಾರು ಅಂದ್ರು?"

"ನೀನ ಅಂದಿದ್ದಿ. ಸಣ್ಣಾಂವ ಇದ್ದಾಗ ನಾ ಫೋಟೋ ಎಲ್ಲಾ ಕಲಸಿಟ್ಟಿದ್ನಲ್ಲ, ಟ್ರಂಕು ಮುಟ್ಟಿದ್ರ ಕೈ ಮುರೀತೀನಿ ಅಂದಿ. ಅವತ್ತಿಂದ ನಾ ಮುಟ್ಟಿಲ್ಲ. ನೀ ಹೊತ್ತು ನಡಿಯಾಕ ಹತ್ತಿದ್ರ ನೋಡಾಕ ಆಗ್ತಿರಲಿಲ್ಲ. ಎಲ್ಲಿ ಕೈ ಹೋಗಿ ಮುಟ್ಟತಾವೋ ಅಂತ ಹಿಂದ ಕಟ್ಟಿಗೊಂಡ ಬರ್ತಿದ್ನಿ."

ಬಾಳವ್ವ ಇದ್ದಲ್ಲೇ ಕುಂತ್ಲು. ಅಂಗೈಯಾಗ ಬೆಣ್ಣಿ ಇಟಗೊಂಡು ತುಪ್ಪಕ್ಕ ಊರೆಲ್ಲ ಅಲೆದ್ರಂತ, ಹಂಗಾತು ಅಕಿ ಬಾಳೆ. ಸೋಮಾರಿ ಅಂತ ಎಷ್ಟು ಬೈದಿದ್ಲೋ, ಅದೆಲ್ಲಾ ತನಗ ತಿರುಗಿ ಹತ್ತಿದಂಗಾತು. ಜೋಳಿಗ್ಯಾಗ ಇಲ್ಲದ ಕೈಯಿಂದ ಮಗನ ತಲಿ ಸವರಿದ್ಲು.

"ಮುಟ್ಟಲೇ ನನ್ನಪ್ಪಾ" ಅಂದ್ಲು. "ಇನ್ನ ಮ್ಯಾಲ ಟ್ರಂಕು ನೀನ ಹೊರು."

ಕಲ್ಮೇಶಿ ಮುಖ ಊರಗಲ ಆತು. ಟ್ರಂಕು ಎತ್ತಿ ತಲಿ ಮ್ಯಾಲ ಇಟಗೊಂಡ. ಅವನಿಗೆ ಅದು ಖಾಲಿ ಪುಟ್ಟಿ ಇದ್ದಂಗ. ಬಾಳವ್ವ ಲ್ಯಾಪ್‌ಟಾಪಿನ ಬಾಯಾಗಿನ ಫೋಟೋ ತಗದು, ಅದನ್ನ ಒರಸಿ, ಮುಚ್ಚಿ ಇಟ್ಲು. ನಾಕು ದಿನಕ್ಕ ಹೆಗಲ ನೋವು ಇಳಿದ ಮ್ಯಾಲ ತಾನ ಬಸ್ಸು ಹತ್ತಿ ಹೋಗಿ ಶೆಟ್ಟರಿಗೆ ವಾಪಸ್ ಕೊಟ್ಲು.

"ಯಾಕವಾ, ಒಗ್ಗಲಿಲ್ಲೇನು?"

"ವಸ್ತು ಚಲೋ ಐತ್ರಿ, ಹಗುರನೂ ಐತಿ. ಹೆಗಲ ಸಲುವಾಗಿ ಬೇಕಾಗಿತ್ತು. ಹೆಗಲು ಮನ್ಯಾಗ ಸಿಕ್ಕಿತ್ರಿ."

ಶಕುಂತಲಾನ ಮದುವಿ ದಿನ ಬಂತು. ಮದುವಿ ಮನ್ಯಾಗ ಮುಂದಿನ ಮದುವಿ ಕೂಡ್ತಾವು, ಅದಕ್ಕ ಬಾಳವ್ವ ಟ್ರಂಕು ಬಿಟ್ಟು ಹೋಗಾಕಿ ಅಲ್ಲ. ಮುಂದ ಬಾಳವ್ವ ಕೈ ಬೀಸಿಕೊಂಡು, ಹಿಂದ ಕಲ್ಮೇಶಿ ಟ್ರಂಕು ಹೊತ್ತುಕೊಂಡು. ಅಕ್ಕಿಕಾಳು ಬಿದ್ದವು. ಬಾಳವ್ವ ಹೆಣಮಕ್ಕಳ ಕೂಡ ಮಾತಿಗೆ ಕುಂತ್ಲು, ಹೊತ್ತು ಹೋಗಿದ್ದ ಗೊತ್ತಾಗಲಿಲ್ಲ. ಊಟದ ಪಂಕ್ತಿಯೊಳಗ ಏನೋ ನಗಿ ಎದ್ದಿತು. ಬಗ್ಗಿ ನೋಡ್ತಾಳ, ಮಂದಿ ನಡುವ ಕಲ್ಮೇಶಿ ತಲಿ ಮ್ಯಾಲ ಟ್ರಂಕು ಇಟಗೊಂಡ ಕುಂತಾನ. ಒಂದು ಕೈಲೇ ಟ್ರಂಕು ಹಿಡದಾನ, ಒಂದು ಕೈಲೇ ಹೋಳಿಗಿ ತಿನ್ನಾಕ ಹತ್ಯಾನ. ಬೆವರು ಇಳದು ತುಪ್ಪದಾಗ ಬೀಳಾಕ ಹತ್ತೈತಿ.

"ಏನಲೇ ಇದು? ಮುಂಜಾನಿಂದ ಹೊತ್ತುಕೊಂಡ ಅದೀಯೇನು?"

ಕಲ್ಮೇಶಿ ಬಾಯಾಗಿನ ಹೋಳಿಗಿ ನುಂಗಿದ.

"ಹೊರು ಅಂದಿ ಯವ್ವಾ. ಇಳಿಸು ಅಂತ ಯಾವಾಗ ಅಂದಿ?"