ಜವೆಗೋಧಿ ಕೈ ಅಡ್ಡ ಹಿಡಿದದ್ದು

ಲೋಕಕ್ಕೆ ಇನ್ನೂ ಎಳೆ ವಯಸ್ಸು. ಆಗ ಗಾಳಿ ಮಾತಾಡುತ್ತಿತ್ತು, ಪೈರೂ ಮಾತಾಡುತ್ತಿತ್ತು. ಜವೆಗೋಧಿಯ ತೆನೆಗೆ ಮಾತ್ರ ಈಗಿನಂತೆ ಚುಚ್ಚುವ ಎಳೆಗಳ ಮೀಸೆ ಒಂದೂ ಇರಲಿಲ್ಲ. ನುಣ್ಣಗಿತ್ತು ಮಗೂ, ನಿನ್ನ ಕೆನ್ನೆಯ ಹಾಗೆ.

ಆ ಜವೆಗೋಧಿ ಬೆಳೆಯುತ್ತಿದ್ದವಳು ತಂಗೆವ್ವ ಎಂಬ ಅಜ್ಜಿ. ಅವಳ ಮಗಳು ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಉಳಿದದ್ದು ಒಂದು ಕೂಸು. ಜವೆಗೋಧಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಬೀಸಿದ ಹಿಟ್ಟಿನ ಸಿಹಿ ಗಂಜಿಯೊಂದೇ ಅದಕ್ಕೆ ಒಗ್ಗುತ್ತಿತ್ತು. ಬೇರೇನು ಕೊಟ್ಟರೂ ಕಕ್ಕುತ್ತಿತ್ತು.

ತಂಗೆವ್ವನ ಕೈ ದೊಡ್ಡದು. ಉಣ್ಣಲು ಕೂತವರು ಸಾಕೆಂದರೆ ಕೇಳುವವಳೇ ಅಲ್ಲ, ನಾಚಿಕೆಗೆ ಅನ್ನುತ್ತಾರೆಂದು ಮತ್ತೆರಡು ಸೌಟು ಸುರಿಯುವಳು. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಮಾತ್ರ ನಿಲ್ಲುವಳು.

ಆ ವರ್ಷ ಪೈರು ಗೇಣುದ್ದವಿದ್ದಾಗ ಕುರಿಗೊಬ್ಬರ ಹಾಕಿದಳು. ಪೈರು ಹಿಗ್ಗಿ ಬೆಳೆಯಿತು. ತೆನೆ ಹೊರಡುವ ಹೊತ್ತಿಗೆ ಮತ್ತೆ ಬುಟ್ಟಿ ಹೊತ್ತು ಬಂದಳು.

"ನನ್ನ ಕೂಸಿನ ಅನ್ನ ನೀನು. ಇನ್ನೊಂದೀಟು ಉಣ್ಣವ್ವಾ."

"ಸಾಕು ಯವ್ವಾ, ಹೊಟ್ಟಿ ತುಂಬೈತಿ," ಎಂದಿತು ಜವೆಗೋಧಿ.

"ನಾಚಿಕಿ ನೋಡು ಇದಕ್ಕ!" ಎಂದು ನಕ್ಕು ತಂಗೆವ್ವ ಸುರಿದೇ ಸುರಿದಳು. ಮೂಡಣ ಮೂಲೆಗೆ ಬರುವಷ್ಟರಲ್ಲಿ ಬುಟ್ಟಿ ಬರಿದಾಯಿತು.

ಸುಗ್ಗಿಯಲ್ಲಿ ಮೊದಲ ಸಾಲು ಕೊಯ್ದರೆ ಕಾಳು ಬೆಣಚುಕಲ್ಲಿನಷ್ಟು ಗಟ್ಟಿ. ನೆನೆಸಿದರೆ ನೀರು ಕುಡಿಯಲೊಲ್ಲದು. ಒಂದು ಮೊಳೆತರೆ ಪಕ್ಕದ್ದು ಸುಮ್ಮನೆ. ಗಂಜಿಯಲ್ಲಿ ಸಿಹಿಯೇ ಇಲ್ಲ. ಕೂಸು ಮುಖ ತಿರುಗಿಸಿತು. ದಿನದಿಂದ ದಿನಕ್ಕೆ ಸೊರಗಿ, ಕಡೆಗೆ ಅಳಲೂ ಅದಕ್ಕೆ ಶಕ್ತಿ ಉಳಿಯಲಿಲ್ಲ.

ತಂಗೆವ್ವ ಕೂಸನ್ನೆತ್ತಿಕೊಂಡು ಹೊಲಕ್ಕೆ ಓಡಿದಳು. "ಅಷ್ಟು ಉಣಿಸಿದೆ. ಯಾಕ ಹಿಂಗ ಮಾಡಿದಿ?"

"ಎಳೇದಿದ್ದಾಗ ಉಂಡದ್ದು ನನಗ ಮೈ ಆತು," ಎಂದು ಜವೆಗೋಧಿ ಅತ್ತಿತು. "ತೆನಿ ಹೊರಟ ಮ್ಯಾಲ ಉಂಡದ್ದು ಕಾಳಿನಾಗ ಕುಂತು ಗಟ್ಟಿ ಆತು. ಸಿಹಿಗೆ ಜಾಗಾ ಉಳೀಲಿಲ್ಲ. ಸಾಕು ಅಂದೆ, ನೀ ಕೇಳಲಿಲ್ಲ. ಮೂಡಣ ಮೂಲಿಗೆ ಹೋಗು, ಅಲ್ಲಿ ನಿನ್ನ ಬುಟ್ಟಿ ಮುಟ್ಟಿಲ್ಲ."

ಆ ಮೂಲೆಯ ಕಾಳು ತಂದು ನೆನೆಸಿದಳು. ಮೊಳಕೆ ಬಂದು ಒಣಗುವವರೆಗೆ ಕೂಸಿನ ತುಟಿಗೆ ನೀರು ಸವರುತ್ತ ಕೂತಳು. ಆ ದಿನಗಳನ್ನು ಅವಳು ಹೇಗೆ ಕಳೆದಳೋ, ಅವಳಿಗೇ ಗೊತ್ತು.

ಗಂಜಿ ಸಿಹಿಯಾಗಿತ್ತು. ಕೂಸು ನೆಕ್ಕಿತು, ನುಂಗಿತು, ಇನ್ನೂ ಬೇಕೆಂದು ಅತ್ತಿತು. ಹೊಟ್ಟೆ ತುಂಬಿದ ಮೇಲೆ ಪುಟ್ಟ ಕೈ ಅಡ್ಡ ತಂದು ಬಟ್ಟಲನ್ನು ತಳ್ಳಿತು. ತಂಗೆವ್ವ ಮತ್ತೆ ಒತ್ತಾಯ ಮಾಡಲಿಲ್ಲ. ಆ ಕೈಯನ್ನು ಕಣ್ಣಿಗೊತ್ತಿಕೊಂಡು ಅತ್ತಳು.

ಆಮೇಲೆ ಹೊಲಕ್ಕೆ ಹೋಗಿ ನೆಲ ಮುಟ್ಟಿ ಬೇಡಿದಳು. "ಭೂಮಿತಾಯಿ, ಜವೆಗೋಧಿಗೂ ಒಂದು ಕೈ ಕೊಡು. ನನ್ನಂಥಾಕಿಗೆ ಬರೀ ಮಾತು ಸಾಲದು."

ಭೂಮಿತಾಯಿ ಕೊಟ್ಟಳು. ಅದಕ್ಕೇ ಮಗೂ, ಇವತ್ತಿಗೂ ಜವೆಗೋಧಿಯ ತೆನೆಗಿಂತ ಮೊದಲು ಅದರ ಉದ್ದನೆಯ ಮೀಸೆ ಹೊರಗೆ ಬರುತ್ತದೆ. ಅದು ಎಲೆಗೆ ಅಡ್ಡ ಹಿಡಿದ ಕೈ, ಅದನ್ನು ಕಂಡ ದಿನವೇ ನಾವು ಗೊಬ್ಬರದ ಬುಟ್ಟಿಯನ್ನು ಕವುಚಿ ಇಡುತ್ತೇವೆ.