ಬಚ್ಚಲಿಗೆ ಮರಳಿದ ಕಲ್ಲು

ಹುಣಸೇಕೊಪ್ಪಲಿನ ಚಿಕ್ಕಬೋರೇಗೌಡ ಒಳ್ಳೆಯ ಬೇಸಾಯಗಾರ. ಆದರೆ ಒಂದು ಸಲ ತಲೆಗೆ ಏನಾದರೂ ಹೊಕ್ಕರೆ ಸಾಕು, ಯಾರು ಹೇಳಿದರೂ ಕೇಳುವ ಆಸಾಮಿಯಲ್ಲ.

ಆ ವರ್ಷ ಅವನ ತಲೆಗೆ ಹೊಕ್ಕಿದ್ದು ಬಚ್ಚಲುಮನೆ. ಹೊಸ ಅಳಿಯ ಮೊದಲ ದೀಪಾವಳಿಗೆ ಎಣ್ಣೆ ಸ್ನಾನಕ್ಕೆ ಬರುತ್ತಾನೆ. ಅಜ್ಜನ ಕಾಲದ ತೋಟದ ಮನೆ. ಬಚ್ಚಲಲ್ಲಿ ಹೊಗೆ ಹಿಡಿದ ಗೋಡೆ, ಒಂದು ತಾಮ್ರದ ಹಂಡೆ, ಅದರ ಪಕ್ಕ ಉಳಿ ಏಟಿನ ಒರಟು ಕಲ್ಲು, ಬಾಗಿಲವರೆಗೆ ಹಳೆಯ ಚಪ್ಪಡಿಗಳು. ಇದನ್ನು ಅಳಿಯನಿಗೆ ತೋರಿಸುವುದೇ? ಛೆ!

ದಸ್ತಗೀರ್ ಮೇಸ್ತ್ರಿಯನ್ನು ಕರೆಸಿದ. "ಮುಖ ನೋಡ್ಕೊಂಡು ಮೀಸೆ ತಿದ್ಕೊಬೇಕು ಮೇಸ್ತ್ರಿ, ಅಂಥಾ ಹೊಳಪಿನ ಟೈಲ್ಸ್ ಹಾಕು ನೆಲಕ್ಕೆ!"

ಮೇಸ್ತ್ರಿ ತಲೆ ಕೆರೆದುಕೊಂಡ. "ಗೌಡ್ರೇ, ಅಳಿಯಂದಿರು ವರ್ಷಕ್ಕೆ ಎಷ್ಟು ಸಲ ಬರ್ತಾರೆ?"

"ಒಂದ್ಸಲ, ಎರಡ್ಸಲ."

"ದಿನಾ ಮೀಯೋರು ಯಾರು? ಅವರನ್ನ ಕೇಳಿದ್ರಾ?"

"ಅವರನ್ನೇನು ಕೇಳೋದು? ಕೆಲಸ ನೋಡು!"

ದಿನಾ ಮೊದಲು ಮೀಯುತ್ತಿದ್ದವಳು ಗೌಡನ ತಾಯಿ ನಿಂಗಾಜಮ್ಮ. ಎಪ್ಪತ್ತೆಂಟು ವರ್ಷ, ಮಂಡಿ ನೋವು. ಆದರೂ ತಾನೇ ಬಾಗಿಲು ಹಾಕಿಕೊಂಡು, ಆ ಒರಟು ಕಲ್ಲಿನ ಮೇಲೆ ಕಾಲೂರಿ, ತಾನೇ ಚೆಂಬಲ್ಲಿ ನೀರು ಹುಯ್ದುಕೊಳ್ಳುತ್ತಿದ್ದಳು. ಮೇಸ್ತ್ರಿ ಹಾರೆ ಎತ್ತಿದ್ದನ್ನು ನೋಡಿ ಕುಂಟುತ್ತಲೇ ಬೇಗ ಬೇಗ ಬಂದಳು.

"ಮಗಾ, ಆ ಕಲ್ಲು ಕೀಳಿಸಬೇಡ ಕಣಪ್ಪ. ಅದರ ಮೇಲೆ ನನ್ನ ಕಾಲು ನಿಲ್ತದೆ."

"ಅಯ್ಯೋ ಅವ್ವಾ, ಕಾಲು ನಿಲ್ಲದಿದ್ರೆ ನಿನ್ನ ಸೊಸೆ ಕೈ ಹಿಡಿದು ಮೀಯಿಸ್ತಾಳೆ ಬಿಡು."

ಅಜ್ಜಿಯ ಮುಖ ಸಣ್ಣದಾಯಿತು. "ಇಷ್ಟು ವರ್ಷ ನನ್ನ ಮೈಗೆ ನಾನೇ ನೀರು ಹುಯ್ಕೊಂಡಿದೀನಿ. ಇನ್ನೊಬ್ಬರ ಕೈ ಕಾಯೋ ಹಂಗೆ ಮಾಡಬೇಡ" ಎಂದಳು.

ಗೌಡ ಕೇಳಲಿಲ್ಲ. ಕಲ್ಲು, ಚಪ್ಪಡಿ ಎಲ್ಲಾ ಕಿತ್ತು ಹಿತ್ತಲಿನ ದನದ ತೊಟ್ಟಿ ಪಕ್ಕ ಹಾಕಿದರು. ಟೈಲ್ಸ್ ಬಂತು. ನೆಲ ಥಳಥಳ ಅಂದಿತು. ಗೌಡ ನಿಜವಾಗಿಯೂ ಬಗ್ಗಿ ಮೀಸೆ ತಿದ್ದಿಕೊಂಡ.

ಹಬ್ಬಕ್ಕೆ ಎರಡು ದಿನ ಇತ್ತು. ಮೇಸ್ತ್ರಿ ಅಂದ, "ಗೌಡ್ರೇ, ಅಳಿಯಂದಿರನ್ನ ಕೂರಿಸೋಕೆ ಮುಂಚೆ ನೀವೇ ಒಂದ್ಸಲ ಎಣ್ಣೆ ಹಚ್ಚಿ ಮಿಂದು ನೋಡಿಬಿಡಿ."

"ಅದಕ್ಕೇನಂತೆ!" ಎಂದ ಗೌಡ. ಹೆಂಡತಿ ಪುಟ್ಟತಾಯಮ್ಮ ನೆತ್ತಿಯಿಂದ ಅಂಗಾಲಿನವರೆಗೆ ಹರಳೆಣ್ಣೆ ತಿಕ್ಕಿದಳು. ಗೌಡ ಟವೆಲ್ ಸುತ್ತಿಕೊಂಡು, ಎದೆ ಉಬ್ಬಿಸಿ, ಹೊಸ ಬಚ್ಚಲಿಗೆ ಬಲಗಾಲಿಟ್ಟ.

ಆಮೇಲೆ ಎಡಗಾಲು ಇಡುವ ಕೆಲಸವೇ ಬೀಳಲಿಲ್ಲ. ಸರ್‍ರೆಂದು ಬಾಗಿಲಿಂದ ಜಾರಿದವನು ಸೀದಾ ಹೋಗಿ ಹಂಡೆಯನ್ನು ತಬ್ಬಿಕೊಂಡ. ಹಬ್ಬಕ್ಕೆ ಹಂಡೆಯನ್ನು ಇನ್ನೂ ಹುಣಸೆಹಣ್ಣು ಹಚ್ಚಿ ಬೆಳಗಿರಲಿಲ್ಲ. ಒಲೆ ಆಗಷ್ಟೇ ಹಚ್ಚಿದ್ದರಿಂದ ಮೈ ಸುಡಲಿಲ್ಲ, ಪುಣ್ಯ. ಆದರೆ ವರ್ಷದ ಮಸಿಯೆಲ್ಲಾ ಗೌಡನ ಎದೆಗೆ, ಮೂಗಿಗೆ, ಆ ಮೀಸೆಗೆ!

ಸದ್ದು ಕೇಳಿ ಪುಟ್ಟತಾಯಮ್ಮ ಬಂದಳು. ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡಳು. "ಕೈ ಕೊಡಿ, ಎಬ್ಬಿಸ್ತೀನಿ."

"ಬೇಡ, ನಾನೇ ಏಳ್ತೀನಿ" ಎಂದು ಎದ್ದ. ಮತ್ತೆ ಬಿದ್ದ. ಇನ್ನೊಂದು ಸಲ ಎದ್ದ, ಕುಂಡಿ ಊರಿ ಕೂತ.

"ಕೈ ಹಿಡ್ಕೊಳ್ರೀ ಅಂದ್ರೆ!"

"ನಂಗೇನಾಗದೆ? ನನ್ನ ಮನೇಲಿ ಮೀಯೋಕೆ ಇನ್ನೊಬ್ಬರ ಕೈ ಹಿಡ್ಕೊಬೇಕಾ?" ಎಂದು ರೇಗಿದ ಗೌಡ, ಅಲ್ಲಿಗೇ ನಿಲ್ಲಿಸಿದ. ಬಾಗಿಲಲ್ಲಿ ಅವನ ತಾಯಿ ನಿಂತಿದ್ದಳು. ಇದೇ ಮಾತನ್ನು ಅವಳು ಮೊದಲೇ ಅಂದಿದ್ದಳಲ್ಲ.

ಗೌಡನಿಗೆ ಬಹಳ ನಾಚಿಕೆಯಾಯಿತು. "ಅವ್ವಾ, ತಪ್ಪಾಯ್ತು" ಎಂದ. ಹೆಂಡತಿಯ ಕೈ ಹಿಡಿದು ಎದ್ದು, ಮಸಿ ಮೈಯಲ್ಲೇ ಹಿತ್ತಲಿಗೆ ನಡೆದ. ದಸ್ತಗೀರ್ ಮೇಸ್ತ್ರಿ ಆಗಲೇ ಕಲ್ಲನ್ನು ತೊಳೆದಿಟ್ಟುಕೊಂಡು ಕೂತಿದ್ದ.

"ಬಾಗಿಲಿಂದ ಹಂಡೆವರೆಗೆ ಒಂದು ಸಾಲಿಗೆ ಸಿಮೆಂಟೇ ಹಾಕಿಲ್ಲ ಗೌಡ್ರೇ. ಕೀಳೋಕೆ ಸುಲಭ ಆಗ್ಲಿ ಅಂತ ಟೈಲ್ಸ್‌ನ ಬರೀ ಮರಳ ಮೇಲೆ ಕೂರಿಸಿದೀನಿ. ನೀವು ಹೇಳಿದ್ರೆ ಕೇಳೋರಲ್ಲ, ಬಿದ್ರೆ ಕೇಳ್ತೀರಿ ಅಂತ ಗೊತ್ತಿತ್ತು!"

"ಕಳ್ಳ ಮೇಸ್ತ್ರಿ!" ಎಂದು ಗೌಡ ಬೈದ, ಬೈಯುತ್ತಲೇ ಕಲ್ಲಿಗೆ ಹೆಗಲು ಕೊಟ್ಟ. ಸಂಜೆಯೊಳಗೆ ಹಂಡೆಯ ಪಕ್ಕ ಅಜ್ಜಿಯ ಕಲ್ಲು, ಬಾಗಿಲವರೆಗೆ ಹಳೆಯ ಚಪ್ಪಡಿಗಳು ಮೊದಲಿದ್ದ ಜಾಗಕ್ಕೆ ಬಂದವು. ಅಲ್ಲಿಂದ ಎದ್ದ ಟೈಲ್ಸ್ ಗೋಡೆಗೆ ಹತ್ತಿದವು. ಮೀಸೆ ನೋಡಿಕೊಳ್ಳಲು ಅಲ್ಲೇ ಅನುಕೂಲ.

ನೀರು ತುಂಬುವ ಹಬ್ಬದ ದಿನ ಬೆಳಗಿದ ಹಂಡೆಗೆ ಹೂವು ಸುತ್ತಿ ನೀರು ತುಂಬಿದರು. ಮಾರನೆಯ ಬೆಳಗ್ಗೆ ಅಳಿಯ ಯೋಗೇಶ ಮೈತುಂಬಾ ಎಣ್ಣೆ ಹಚ್ಚಿಸಿಕೊಂಡು ಬಚ್ಚಲಿಗೆ ಬಂದ. ಹೊಳೆಯುವ ನೆಲದತ್ತ ತಿರುಗಿಯೂ ನೋಡಲಿಲ್ಲ. ಚಪ್ಪಡಿ ಮೇಲೆ ನಡೆದು ಹೋಗಿ ಒರಟು ಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ಆಹಾ, ಮಾವ, ಈ ಕಲ್ಲು ಬಲು ಚೆನ್ನಾಗದೆ. ಏಳೋಕೇ ಮನಸ್ಸಿಲ್ಲ!" ಎಂದ.

ಹೊರಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತಿದ್ದ ನಿಂಗಾಜಮ್ಮ ಕೂಗಿದಳು, "ಬೇಗ ಏಳಿ ಅಳಿಯಂದ್ರೇ, ಅದು ನನ್ನ ಕಲ್ಲು. ಇವತ್ತು ಹಬ್ಬ ಅಂತ ನಿಮಗೆ ಮೊದಲು ಬಿಟ್ಟಿದೀನಿ, ಅಷ್ಟೆ!"

ಅಳಿಯ ಮಿಂದು ಮುಗಿಸಿ, ನಗುತ್ತಾ ಎದ್ದು ಬಂದ. ಅಜ್ಜಿ ಒಳಗೆ ಹೋಗಿ ತಾನೇ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಚೆಂಬಿನಿಂದ ನೀರು ಸುರಿಯುವ ಸದ್ದು ಕೇಳಿಸಿತು. ಹೊರಗೆ ನಿಂತಿದ್ದ ಗೌಡನಿಗೆ ಆಗ ಹಬ್ಬ ಬಂತು ಅನ್ನಿಸಿತು.

ನೀತಿ: ಮನೆಯನ್ನು ಚೆಂದ ಮಾಡುವಾಗ ವರ್ಷಕ್ಕೊಮ್ಮೆ ಬರುವವರ ಕಣ್ಣಿಗಿಂತ ಮೊದಲು, ದಿನವೂ ಅಲ್ಲಿ ನಡೆಯುವವರ ಕಾಲನ್ನು ನೆನೆಯಿರಿ. ಹಿರಿಯರ ಕೈ ಹಿಡಿಯುವುದು ಒಳ್ಳೆಯದೇ. ಅವರು ತಮ್ಮ ಕಾಲ ಮೇಲೆ ತಾವೇ ನಿಲ್ಲುವಂತೆ ನೋಡಿಕೊಳ್ಳುವುದು ಅದಕ್ಕಿಂತ ಒಳ್ಳೆಯದು.