ಕತ್ತೆಕಿವಿ ಟೊಪ್ಪಿಗೆ

“ಒಳಗೆಲ್ಲೋ ಕೀಲಿ ಇದೆ. ಹುಡುಕಿ ಹೊರಗೆ ಬರೋದೇ ಆಟ. ‘ಸಾಕು’ ಅಂತ ಮೊದಲು ಬೇಡಿಕೊಂಡವರು ಗೂಟದ ಮೇಲಿರೋ ಕತ್ತೆಕಿವಿ ಟೊಪ್ಪಿಗೆ ಹಾಕ್ಕೊಂಡು ಫೋಟೋ ತೆಗೆಸಬೇಕು. ಹಳ್ಳಿಯವರು ಹತ್ತು ನಿಮಿಷ ತಾಳಿದರೆ ಹೆಚ್ಚು!”

ಹುಬ್ಬಳ್ಳಿಯ ಎಸ್ಕೇಪ್ ರೂಮಿನ ಮ್ಯಾನೇಜರ್ ಹೀಗೆಂದು ನಕ್ಕು, ಪೇಟೆ ನೋಡಲು ಬಂದಿದ್ದ ಮೂವರು ಗೆಳೆಯರನ್ನು ಒಳಗೆ ಬಿಟ್ಟು ಬೀಗ ಹಾಕಿದ.

ಇಮಾಮಸಾಬ ಗೋಡೆ ಗಡಿಯಾರ ಬಿಚ್ಚಿ ನೋಡಿದ. ಫಕೀರಪ್ಪ ಕಪಾಟು ತಡಕಿದ. ಕೀಲಿ ಸಿಗಲಿಲ್ಲ.

“ಆ ಫೋಟೋ ನಮ್ಮ ಬೀಗರು ನೋಡಿದರ ನನ್ನ ಕಥಿ ಮುಗೀತೋ!” ಎಂದು ಫಕೀರಪ್ಪ ಹಣೆ ಚಚ್ಚಿಕೊಂಡ.

ನಿರುಪಾದೆಪ್ಪ ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಜವಾನನಾಗಿದ್ದವನು. ಬಂದವರನ್ನು ಕಾಯಿಸುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಟವೆಲ್ ಹಾಸಿ ರೊಟ್ಟಿ ಗಂಟು ಬಿಚ್ಚಿದ. ಮೂವರೂ ಉಂಡರು. ಮಲಗಿದರು.

ಗಂಟೆ ಕಳೆಯಿತು. ಸ್ಪೀಕರಿನಲ್ಲಿ ಮ್ಯಾನೇಜರ್ ಗದರಿದ. “ರೀ, ಹುಡುಕ್ರಿ! ಮುಂದಿನವರು ಕಾಯ್ತಿದ್ದಾರೆ!”

“ಅವರನ್ನ ಕುಂದರಸ್ರಿ ಸಾಹೇಬ್ರ. ನಿದ್ದಿ ಆದಮ್ಯಾಲ ಹುಡುಕ್ತೀವಿ,” ಎಂದ ನಿರುಪಾದೆಪ್ಪ, ಮಲಗಿದಲ್ಲಿಂದಲೇ.

ಇನ್ನೊಂದು ಗಂಟೆಗೆ ಹೊರಗೆ ಮದುವೆ ದಿಬ್ಬಣದಷ್ಟು ಜನ. ಒಳಗೆ ಮೂರು ಗೊರಕೆ. ಮ್ಯಾನೇಜರ್ ತಾನೇ ಬೀಗ ತೆಗೆದು ಬಂದು ಕೈಮುಗಿದ. “ದಮ್ಮಯ್ಯ, ಸಾಕು! ಎದ್ದೇಳ್ರಿ!”

ನಿರುಪಾದೆಪ್ಪ ಆಕಳಿಸುತ್ತ ಎದ್ದ. ಗೂಟದಿಂದ ಟೊಪ್ಪಿಗೆ ತೆಗೆದು ಮ್ಯಾನೇಜರನ ತಲೆಗಿಟ್ಟ.

ಫೋಟೋ ಚೆನ್ನಾಗಿ ಬಂತು.